ತಪ್ಪಿಹೋದ ತಪಾಸಣೆಗಳ ನಂತರ ವಿಮಾನವನ್ನು ನಂಬುವುದು ಹೇಗೆ?

ಪ್ರಶ್ನೆ: ಹೊರಕವಚದ ಬಿರುಕುಗಳಿಗಾಗಿ ನಡೆಸಲೇಬೇಕಿದ್ದ ತಪಾಸಣೆಯನ್ನು ನಡೆಸದೆ, ಸೌತ್‌ವೆಸ್ಟ್ ಏರ್‌ಲೈನ್ಸ್ ಸಂಸ್ಥೆಯು 2006–07ರಲ್ಲಿ 46 ಬೋಯಿಂಗ್ 737 ವಿಮಾನಗಳನ್ನು ಸುಮಾರು 60 ಸಾವಿರ ಬಾರಿ ಹಾರಿಸಿತೆಂದು ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಎಎ 2008ರಲ್ಲಿ ಪ್ರಕಟಿಸಿತು. ಅಪಘಾತವೇನೂ ಆಗಲಿಲ್ಲವಲ್ಲ, ಪ್ರಯಾಣಿಕರು ಏಕೆ ಅಂಜಬೇಕಿತ್ತು?

ಉತ್ತರ: ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡದಿಂದ ವಿಮಾನದ ಒಡಲು ತುಸು ಉಬ್ಬಿ, ಇಳಿದ ಮೇಲೆ ಮೊದಲಿನಂತಾಗುತ್ತದೆ, ಇದು ಸಾವಿರಾರು ಸಲ ನಡೆದಾಗ ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಗಳ ರಂಧ್ರಗಳ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಹುಟ್ಟಿ, ಒಂದಕ್ಕೊಂದು ಸೇರಿಕೊಳ್ಳುತ್ತವೆ. 1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್‌ನ 737ರ ಛಾವಣಿ ಆಕಾಶದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡದ್ದು ಇದೇ ಬಗೆಯ ಲೋಹದ ದಣಿವಿನಿಂದ. ಸೌತ್‌ವೆಸ್ಟ್‌ನ ಆ 46ರಲ್ಲಿ 6 ವಿಮಾನಗಳಲ್ಲಿ ಬಿರುಕುಗಳು ಸಿಕ್ಕವು. ಅಪಘಾತವಾಗಲಿಲ್ಲ ಎಂಬುದನ್ನು ಸುರಕ್ಷತೆಯ ಪುರಾವೆಯೆಂದು ನಾನಂತೂ ಒಪ್ಪಲಾರೆ.

ಮತ್ತೊಂದು ಉತ್ತರ: ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಲೋಪ ಗೊತ್ತಾದ ಮೇಲೂ ಆ ವಿಮಾನಗಳು ಕೆಲವು ದಿನ ಹಾರುತ್ತಲೇ ಇದ್ದವು. ಎಫ್‌ಎಎಯ ಮೇಲಧಿಕಾರಿಯೇ ಅದಕ್ಕೆ ಅವಕಾಶ ಕೊಟ್ಟರೆಂದು ಅಲ್ಲಿನ ತಪಾಸಕರೇ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು.

ಪ್ರಶ್ನೆ ಕೇಳಿದವರು: ಹಾಗಾದರೆ ವಿಶ್ವಾಸ ಮರಳಿದ್ದು ಸೌತ್‌ವೆಸ್ಟ್‌ಗೆ ಎಫ್‌ಎಎ ಹಾಕಿ 2009ರಲ್ಲಿ ಇತ್ಯರ್ಥವಾದ 75 ಲಕ್ಷ ಡಾಲರ್ ದಂಡದಿಂದಲ್ಲ, ಬಾಯಿಬಿಟ್ಟ ಆ ತಪಾಸಕರಿಂದ ಎನ್ನಬಹುದೇ?

ಉತ್ತರ: ಬಹುಮಟ್ಟಿಗೆ ಹೌದು, ಅಂಥವರಿಗೆ ರಕ್ಷಣೆ ಇರುವಷ್ಟು ಕಾಲ.