ಪದಚರ್ಚೆ: ‘ಗಾತ್ರ’ ಅಂದರೆ ಸೈಜೋ, ವಾಲ್ಯೂಮೋ?

ಮಾನ್ಯರೆ,
ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅನಿಲ ವಿನಿಮಯದ ಟಿಪ್ಪಣಿಯೊಂದನ್ನು ಮರಾಠಿಯಿಂದ ತರುವಾಗ ಈ ವಾಕ್ಯ ಕಾಲಿಗೆ ತೊಡರಿದೆ: “ಜೀವಿಯ ಗಾತ್ರ ಹೆಚ್ಚಿದಂತೆ ಮೇಲ್ಮೈ ಮತ್ತು ಗಾತ್ರಗಳ ಅನುಪಾತ ಕಡಿಮೆಯಾಗುತ್ತದೆ.” ಎರಡೂ ಗಾತ್ರ ಒಂದೇನಾ? ಮರಾಠಿಯಲ್ಲಿ ಎರಡನೆಯದಕ್ಕೆ ‘ಆಕಾರಮಾನ’ ಎಂದಿದೆ, ಹಾಗೇ ಇಟ್ಟರೆ ನಡೆದೀತೆ? ಡಿಫ್ಯೂಷನ್ನಿಗೆ (ಕಣಗಳು ದಟ್ಟವಿರುವಲ್ಲಿಂದ ವಿರಳವಿರುವತ್ತ ತಾವಾಗಿ ಹರಡುವುದಕ್ಕೆ) ವಿಸರಣೆಯೋ, ಪ್ರಸರಣವೋ?

ಉತ್ತರ:
ನಮಸ್ಕಾರ. ಎರಡನೆಯದನ್ನು ‘ಘನಫಲ’ ಮಾಡಿಬಿಡಿ. ಸಾಂದ್ರತೆಯ ಪಾಠದಲ್ಲಿ ಗಾತ್ರ ಅಂದರೆ ವಾಲ್ಯೂಮು, ಮನೆಮಾತಿನಲ್ಲಿ ಬರೀ ಸೈಜು. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಮಕ್ಕಳು ಉರುಹೊಡೆಯುತ್ತಾರೆ, ಅಷ್ಟೆ.

‘ಆಕಾರಮಾನ’ ಬೇಡವೇ ಬೇಡ. ಮರಾಠಿಯಲ್ಲಿ ಅದು ವಾಲ್ಯೂಮ್ ಆದರೂ ಕನ್ನಡದ ಕಿವಿಗೆ ‘ಆಕಾರ’ ಅಂದರೆ ರೂಪ. ಈ ಪಾಠದಲ್ಲಿ ರೂಪಕ್ಕೆ ಬೇರೆಯೇ ಕೆಲಸ ಇದೆ. 2 ಸೆಂ.ಮೀ. ಬದಿಯ ಹಿಟ್ಟಿನ ಘನಕ್ಕೆ ಘನಫಲ 8 ಘನ ಸೆಂ.ಮೀ., ಮೇಲ್ಮೈ 24 ಚದರ ಸೆಂ.ಮೀ. ಅದನ್ನೇ 1 ಮಿ.ಮೀ. ದಪ್ಪದ ರೊಟ್ಟಿಯಾಗಿ ತಟ್ಟಿ: ಹಿಟ್ಟು ಅಷ್ಟೇ, ಎರಡು ಮಗ್ಗುಲು ಸೇರಿ ಮೇಲ್ಮೈ 160 ದಾಟುತ್ತದೆ. ಚಪ್ಪಟೆಹುಳು ಕಿವಿರು, ಶ್ವಾಸಕೋಶ ಎರಡೂ ಇಲ್ಲದೆ ಬದುಕುವ ಗುಟ್ಟು ಇದೇ.

ಇನ್ನೊಂದು ತಪ್ಪು ಉತ್ತರಪತ್ರಿಕೆಗಳಲ್ಲಿ ಮಾಮೂಲು: “ದೇಹ ದೊಡ್ಡದಾದಂತೆ ಮೇಲ್ಮೈ ಕಡಿಮೆಯಾಗುತ್ತದೆ.” ಮೇಲ್ಮೈಯೂ ಹೆಚ್ಚುತ್ತದೆ, ಘನಫಲ ಅದನ್ನು ಹಿಂದೆ ಹಾಕುತ್ತದೆ. ಬದಿ 1, 2, 3 ಸೆಂ.ಮೀ. ಆದರೆ ಮೇಲ್ಮೈ 6, 24, 54; ಘನಫಲ 1, 8, 27; ಅನುಪಾತ 6, 3, 2. ಈ ಸಾಲು ಟಿಪ್ಪಣಿಯಲ್ಲಿ ಇರಲೇಬೇಕು.

ಪ್ರಯೋಗವನ್ನೂ ಸೇರಿಸಿ. 100 ಮಿ.ಲೀ. ನೀರಿಗೆ 2 ಗ್ರಾಂ ಅಗರ್ (ಕಡಲಕಳೆಯಿಂದ ಬರುವ ಜೆಲ್ಲಿಪುಡಿ) ಹಾಕಿ ಕುದಿಸಿ, ಫಿನಾಲ್ಫ್ಥಲೀನ್ (ಕ್ಷಾರದಲ್ಲಿ ಗುಲಾಬಿಯಾಗಿ, ಆಮ್ಲದಲ್ಲಿ ಬಣ್ಣ ಕಳೆದುಕೊಳ್ಳುವ ಸೂಚಕ) ಜೊತೆ ತುಸು ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಗುಲಾಬಿ ಬಣ್ಣ ಬರಿಸಿ. ಸಣ್ಣ ಡಬ್ಬಿಗೆ ಸುರಿಯಿರಿ. ಅಗಲ ತಟ್ಟೆಗೆ ಸುರಿದರೆ 3 ಸೆಂ.ಮೀ. ಎತ್ತರ ಸಿಗದು. ಗಟ್ಟಿಯಾದ ಮೇಲೆ 1, 2, 3 ಸೆಂ.ಮೀ. ಬದಿಗೆ ಕತ್ತರಿಸಿದ ಮೂರೂ ಘನಗಳನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮುಳುಗಿಸಿ, ಆಗಾಗ ಮಗುಚಿ. ಇಲ್ಲದಿದ್ದರೆ ತಳದ ಮುಖ ಮುಚ್ಚಿಕೊಂಡು ಲೆಕ್ಕ ಕೆಡುತ್ತದೆ. ಸೀಳಿ ನೋಡಿದರೆ ಬಿಳಿಚಿದ ಅಂಚಿನ ಆಳ ಮೂರರಲ್ಲೂ ಸುಮಾರು ಒಂದೇ. ಅದು 3 ಮಿ.ಮೀ. ಇದ್ದರೆ ಚಿಕ್ಕ ಘನದ ಶೇ. 94 ಭಾಗಕ್ಕೆ ಆಮ್ಲ ತಲುಪಿದೆ, ದೊಡ್ಡದರ ಶೇ. 49ಕ್ಕೆ ಮಾತ್ರ. ತಡಮಾಡಿದರೆ ಎಲ್ಲವೂ ಬಿಳಿಚಿ ತೋರಿಸಲು ಏನೂ ಉಳಿಯದು.

ಡಿಫ್ಯೂಷನ್ನಿಗೆ ‘ವಿಸರಣೆ’, ಮರಾಠಿಯಲ್ಲೂ ‘ವಿಸರಣ’, ಇಲ್ಲಿನ ಮಕ್ಕಳಿಗೆ ಒಗ್ಗುತ್ತದೆ. ‘ಪ್ರಸರಣ’ವನ್ನು ಉಷ್ಣಕ್ಕೆ, ರೋಗಕ್ಕೆ ಬಿಡಿ. ದೂರ ದುಪ್ಪಟ್ಟಾದರೆ ವಿಸರಣೆಗೆ ಹಿಡಿಯುವ ಹೊತ್ತು ನಾಲ್ಕು ಪಟ್ಟು. ಅದಕ್ಕೇ ದೊಡ್ಡ ಪ್ರಾಣಿ ಮೇಲ್ಮೈಯನ್ನು ಒಳಗೆ ಮಡಚಿಟ್ಟುಕೊಂಡು, ಆಮ್ಲಜನಕವನ್ನು ರಕ್ತದ ಕೈಯಲ್ಲಿ ಸಾಗಿಸುತ್ತದೆ. ನಮ್ಮ ಶ್ವಾಸಕೋಶದ ಗಾಳಿಗೂಡುಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 750 ಚದರ ಅಡಿ. ಮುಂಬಯಿಯಲ್ಲಿ ಅಷ್ಟು ದೊಡ್ಡ ಫ್ಲ್ಯಾಟು ಎಷ್ಟು ಜನಕ್ಕಿದೆ!

ವಾಕ್ಯ ಹೀಗಿರಲಿ: “ಜೀವಿ ದೊಡ್ಡದಾದಂತೆ ಅದರ ಘನಫಲಕ್ಕೆ ಹೋಲಿಸಿದರೆ ಮೇಲ್ಮೈ ಸಾಲದಾಗುತ್ತದೆ.” ಅನುಪಾತ ಎಂಬ ಪದ ಪರೀಕ್ಷೆಗೆ ಬೇಕು, ಕೆಳಗಿನ ಸಾಲಿನಲ್ಲಿ ಬರಲಿ.