ಪದಚರ್ಚೆ: ಉಡೀದ್ ಗೋಟಾ, ದಲಿಯಾ, ಚವಳಿ, ಸೂಟ್: ಸಾಮಾನಿನ ಚೀಟಿಯಲ್ಲಿ ಕನ್ನಡದಲ್ಲಿ ಏನು ಬರೆಯುವುದು?

ಪ್ರಶ್ನೆ, ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ.

ಊರಿನಿಂದ ಹೊಸದಾಗಿ ಮುಂಬೈಗೆ ಬರುವ ಕನ್ನಡ ಮನೆಗಳಿಗೆಂದು ಒಂದು ಕಿರಾಣಿ ಪದಪಟ್ಟಿ ಸಿದ್ಧವಾಗುತ್ತಿದೆ. ಓಣಿಯ ಅಂಗಡಿಯಾದರೆ ಬೆರಳು ತೋರಿಸಿಯಾದರೂ ತರಬಹುದು. ಡಿಮಾರ್ಟಿನಂಥ ಮಳಿಗೆಯಲ್ಲಿ ಟ್ರಾಲಿ ತಳ್ಳಿಕೊಂಡು ತಾವೇ ಹುಡುಕಬೇಕು. ರ್ಯಾಕಿನ ಮೇಲೆ ಮರಾಠಿ, ಪೊಟ್ಟಣದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹಿಂದಿ ಹೆಸರು. ಪೊಟ್ಟಣದ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಕಾನೂನಿಗೆ ಸಾಕು, ಹಾಗಾಗಿ ಅಲ್ಲಿ ಕನ್ನಡ ನಿರೀಕ್ಷಿಸುವಂತಿಲ್ಲ.

ಉಡೀದ್ ಡಾಳ್ ಎಂದರೆ ಉದ್ದಿನಬೇಳೆ, ಸರಿ. ಪಕ್ಕದಲ್ಲೇ ಇರುವ ಉಡೀದ್ ಗೋಟಾಕ್ಕೆ ಏನನ್ನಬೇಕು? ಕಡಲೆ ಎಂದು ಬರೆದರೆ ಒಬ್ಬರು ಚನಾ ತರುತ್ತಾರೆ, ಇನ್ನೊಬ್ಬರು ಶೇಂಗಾ ತರುತ್ತಾರೆ, ಇದಕ್ಕೇನು ದಾರಿ? ಫಲಕದ ಮೇಲಿನ ಸೂಟ್ ಎಂಬುದಕ್ಕೆ ರಿಯಾಯಿತಿ ಸಾಕು ಅನ್ನಿಸುತ್ತದೆ, ಆದರೆ ಶೇ 20 ಎಕ್ಸ್‌ಟ್ರಾ ಎಂದಿದ್ದರೆ ಅದೂ ರಿಯಾಯಿತಿಯೇ? ಕೊನೆಗೆ, ಇಂಥ ಮಳಿಗೆಗೇ ಕನ್ನಡದಲ್ಲಿ ಒಂದು ಹೆಸರು ಇದೆಯೇ?

ಮಾಟುಂಗದಿಂದ

ಡೊಂಬಿವಲಿಯವರಿಗೆ ನಮಸ್ಕಾರ. ಮಳಿಗೆಯ ಹೆಸರಿನ ಪ್ರಶ್ನೆ ಬಿಟ್ಟುಬಿಡಿ. ನ್ಯಾಯಬೆಲೆ ಅಂಗಡಿ ಎಂದರೆ ರೇಷನ್ ಅಂಗಡಿ ಎಂದೇ ನಿಂತುಹೋಗಿದೆ, ಜನತಾ ಬಜಾರ್ ಎಂದರೆ ಸಹಕಾರಿ ಸಂಘದ್ದು. 2002ರಲ್ಲಿ ಪವೈಯಲ್ಲಿ ಮೊದಲ ಮಳಿಗೆ ತೆರೆದ ಕಂಪನಿಯ ಹೆಸರೇ ಈಗ ಈ ಬಗೆಯ ಅಂಗಡಿಗೆಲ್ಲ ಅನ್ವರ್ಥವಾಗಿದೆ. ಜನ ಡಿಮಾರ್ಟಿಗೆ ಹೋಗಿ ಬರ್ತೀವಿ ಅನ್ನುತ್ತಾರೆ, ಹಾಗೇ ಬರೆಯಿರಿ.

ಪಟ್ಟಿಯ ನಿಜವಾದ ತೊಡಕು ಬೇರೆ ಕಡೆ ಇದೆ. ಕನ್ನಡದಲ್ಲಿ ಧಾನ್ಯದ ಹೆಸರಿನ ಬೆನ್ನಿಗೇ ಅದರ ರೂಪವೂ ಬರುತ್ತದೆ: ಇಡಿಯಾಗಿದ್ದರೆ ಕಾಳು, ಒಡೆದರೆ ಬೇಳೆ, ಒರಟಾಗಿ ಮುರಿದರೆ ನುಚ್ಚು ಇಲ್ಲವೇ ತರಿ, ಬೀಸಿದರೆ ಹಿಟ್ಟು. ಹೆಸರುಕಾಳು ತಾ ಎಂದರೆ ಯಾರೂ ಹೆಸರುಬೇಳೆ ತರುವುದಿಲ್ಲ. ಹಿಂದಿಯ ದಾಲ್ ಇಷ್ಟು ನಿಷ್ಠುರ ಅಲ್ಲ. ಇಡಿ ಕಾಳೂ ದಾಲ್, ಒಡೆದದ್ದೂ ದಾಲ್, ಬೇಯಿಸಿ ಒಗ್ಗರಣೆ ಹಾಕಿದ್ದೂ ದಾಲ್. ಮೂಂಗ್ ಒಂದೇ ಮೂರು ವೇಷದಲ್ಲಿ ಕೂತಿರುತ್ತದೆ: ಸಾಬೂತ್ ಎಂದರೆ ಹೆಸರುಕಾಳು, ಛಿಲ್ಕಾ ಎಂದರೆ ಹಸಿರು ಸಿಪ್ಪೆಯ ಬೇಳೆ, ಮೋಗರ್ ಎಂದರೆ ಪೊಂಗಲ್‌ಗೂ ಕೋಸಂಬರಿಗೂ ಬೇಕಾದ ಹಳದಿ ಹೆಸರುಬೇಳೆ. ಆದ್ದರಿಂದ ಪಟ್ಟಿಯಲ್ಲಿ ತೊಗರಿ = ತೂರ್ ಎಂದು ಧಾನ್ಯಕ್ಕೆ ಧಾನ್ಯ ಹೊಂದಿಸಿದರೆ ಸಾಲದು. ರೂಪಕ್ಕೆ ಇನ್ನೊಂದು ಕಲಂ ಬೇಕೇಬೇಕು.

ಗೋಟಾ ಎಂದರೆ ಸಿಪ್ಪೆ ತೆಗೆದ, ಒಡೆಯದ ಬಿಳಿ ಉದ್ದು. ಗುಂಡು ಉದ್ದು ಎಂಬ ಹೆಸರು ಬಳಕೆಯಲ್ಲಿದೆ, ಅದನ್ನೇ ಹಾಕಿ. ಇಡ್ಲಿಗೆ ಇದೇ ಮೇಲು, ರುಬ್ಬಿದಾಗ ಹೆಚ್ಚು ಒದಗುತ್ತದೆ. ವೆಟ್ ಗ್ರೈಂಡರ್ ಆದರೆ 4 ಲೋಟ ಇಡ್ಲಿ ಅಕ್ಕಿಗೆ 1 ಲೋಟ ಗೋಟಾ, ಮಿಕ್ಸಿಯಾದರೆ 3ಕ್ಕೆ 1. ಮಿಕ್ಸಿ ಬಿಸಿಯಾಗುತ್ತದೆ, ಉದ್ದು ಅಷ್ಟು ಉಬ್ಬುವುದಿಲ್ಲ, ಅದಕ್ಕೇ ಉದ್ದಿನ ಪಾಲು ಹೆಚ್ಚು. ಅಕ್ಕಿಯ ಬದಲು ಇಡ್ಲಿ ರವೆ ಬಳಸಿದರೆ 2ಕ್ಕೆ 1. ಆ ಇಡ್ಲಿ ರವೆ ಅಕ್ಕಿಯದು, ಅದರ ಪಕ್ಕದಲ್ಲಿ ಬರೀ ರವಾ ಎಂದಿರುವುದು ಗೋಧಿಯದು. ಎರಡೂ ಬಿಳಿ, ಎರಡೂ ತರಿ. ಓದದೆ ಎತ್ತಿಕೊಂಡರೆ ಮರುದಿನ ಬೆಳಿಗ್ಗೆ ಇಡ್ಲಿ ಅಂಟಂಟು.

ಇನ್ನು ಕಡಲೆ. ಇಲ್ಲಿ ಹಿಂದಿ, ಮರಾಠಿಯನ್ನು ದೂರಿ ಪ್ರಯೋಜನವಿಲ್ಲ, ಗೊಂದಲ ನಮ್ಮದೇ. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಇವೆಲ್ಲ ಚನಾದ ಕುಲ. ಕಡಲೆಬೀಜ, ಕಡಲೆಕಾಯಿ, ಕಡಲೆ ಎಣ್ಣೆ ಇವು ಶೇಂಗಾದ ಕುಲ. ಕಡಲೆಪುರಿಯ ಪುರಿಯಂತೂ ಅಕ್ಕಿಯದು! ಬೆಂಗಳೂರಿನ ಕಡಲೆಬೀಜ ಧಾರವಾಡದಲ್ಲಿ ಶೇಂಗಾ, ಮಂಗಳೂರಿನಲ್ಲಿ ನೆಲಗಡಲೆ. ಪಟ್ಟಿಯಲ್ಲಿ ಬರೀ ಕಡಲೆ ಎಂಬ ನಮೂದೇ ಬೇಡ. ಎಣ್ಣೆಗೆ ಶೇಂಗಾ ಎಣ್ಣೆ ಎಂದೇ ಬರೆಯಿರಿ, ಮರಾಠಿಯಲ್ಲೂ ಅದು ಶೇಂಗದಾಣಾ ತೇಲ್, ಕಣ್ಣಿಗೆ ಬೇಗ ಸಿಗುತ್ತದೆ.

ಚಟ್ನಿಯ ಹುರಿಗಡಲೆಯಲ್ಲಿ ಎರಡು ಗುಂಡಿಗಳಿವೆ. ಉತ್ತರ ಕರ್ನಾಟಕದವರ ಪುಠಾಣಿ ಎಂದರೆ ಸಿಪ್ಪೆ ಹೋದ ಹುರಿಗಡಲೆ. ಮರಾಠಿಯ ಫುಟಾಣೆ ಸಾಮಾನ್ಯವಾಗಿ ಸಿಪ್ಪೆ ಇರುವ, ಇಡಿಯಾಗಿ ಹುರಿದ ಕಡಲೆ, ತಿನ್ನಲು ಚೆನ್ನ, ಚಟ್ನಿಗೆ ಕಂದು ಚೂರು. ಚಟ್ನಿಯದು ಬೇಕಾದರೆ ಡಾಳೆ ಅಥವಾ ಡಾಳವಾ ಎಂದು ಹುಡುಕಬೇಕು. ಎರಡನೆಯದು ದಲಿಯಾ. ಹಿಂದಿಯಲ್ಲಿ ದಲಿಯಾ ಎಂದರೆ ಗೋಧಿ ನುಚ್ಚು, ಗುಜರಾತಿಯಲ್ಲಿ ದಾಳಿಯಾ ಎಂದರೆ ಹುರಿಗಡಲೆ. ಮುಂಬೈಯಲ್ಲಿ ಎರಡು ಭಾಷೆಯ ಪೊಟ್ಟಣಗಳೂ ಒಂದೇ ಸಾಲಿನಲ್ಲಿ ಇರಬಹುದು, ಇಂಗ್ಲಿಷ್ ಅಕ್ಷರದಲ್ಲಿ ಬರೆದರಂತೂ ವ್ಯತ್ಯಾಸವೇ ಕಾಣದು. ಇಲ್ಲಿ ಅಕ್ಷರ ನಂಬುವ ಬದಲು ಪೊಟ್ಟಣದ ಪಾರದರ್ಶಕ ಭಾಗದಲ್ಲಿ ಕಾಳು ನೋಡುವುದೇ ವಾಸಿ.

ಒಂದೇ ಸದ್ದು, ಬೇರೆ ಅರ್ಥದ ಪದಗಳಿಗೆ ಪಟ್ಟಿಯ ಕೊನೆಯಲ್ಲಿ ಪ್ರತ್ಯೇಕ ಜಾಗ ಕೊಡಿ. ಚವಳಿ ಮುಖ್ಯವಾದದ್ದು. ಮರಾಠಿಯಲ್ಲಿ ಅದು ಅಲಸಂದೆ, ಹುಬ್ಬಳ್ಳಿ ಕಡೆ ಚವಳಿಕಾಯಿ ಎಂದರೆ ಗೋರಿಕಾಯಿ, ಮರಾಠಿಗರ ಗವಾರ್. ಖಾರಾ ಎಂದರೆ ಇಲ್ಲಿ ಉಪ್ಪುಪ್ಪು: ಖಾರೇ ಶೇಂಗದಾಣೆಯಲ್ಲಿ ಮೆಣಸಿನಪುಡಿ ಇರುವುದಿಲ್ಲ, ಖಾರಿ ಬಿಸ್ಕಿಟ್‌ನಲ್ಲೂ ಇಲ್ಲ. ನಮ್ಮ ಖಾರಕ್ಕೆ ಮರಾಠಿಯಲ್ಲಿ ತಿಖಟ್. ಬಡಿಶೇಪ್ ಸೋಂಪು, ಶೇಪೂ ಸಬ್ಬಸಿಗೆ ಸೊಪ್ಪು. ಸೂಟ್ ಎಂದರೆ ರಿಯಾಯಿತಿ, ಧಾರವಾಡದ ಮಕ್ಕಳ ಸೂಟಿ, ಅಂದರೆ ರಜೆ, ಅಲ್ಲ.

ಮಿಕ್ಕವು ಸಲೀಸು. ನಾಚಣಿ ರಾಗಿ, ಜ್ವಾರಿ ಜೋಳ, ಬಾಜರಿ ಸಜ್ಜೆ, ಕುಳೀಥ್ ಹುರುಳಿ, ಮಟಕಿ ಮಡಕೆ ಕಾಳು, ಮಸೂರ್ ಚನ್ನಂಗಿ ಬೇಳೆ, ಜವಸ್ ಅಗಸೆ, ಕಾರಳೆ ಗುರೆಳ್ಳು, ಮೋಹರಿ ಸಾಸಿವೆ, ಚಿಂಚ್ ಹುಣಸೆಹಣ್ಣು.

ಪುಣೆಯಿಂದ

ಮಾಟುಂಗದವರ ರೂಪದ ಕಲಂಗೆ ನನ್ನದೂ ಸೈ. ಅಕ್ಕಿಗೂ ಅವಲಕ್ಕಿಗೂ ಅದು ಇನ್ನೂ ಹೆಚ್ಚು ಬೇಕು.

ಜಾಡ್ ಪೋಹೆ ದಪ್ಪ ಅವಲಕ್ಕಿ, ಒಗ್ಗರಣೆ ಅವಲಕ್ಕಿಗೆ ಇದು. ಪಾತಳ್ ಪೋಹೆ ತೆಳು, ನಮ್ಮ ಪೇಪರ್ ಅವಲಕ್ಕಿ, ನೀರು ಸೋಕಿದರೆ ಮುದ್ದೆ, ಒಣಗಿದ್ದಾಗಲೇ ಸಣ್ಣ ಉರಿಯಲ್ಲಿ ಹುರಿದು ಚಿವಡಾ ಮಾಡಬೇಕು. ದಗಡಿ ಪೋಹೆ ಎಂಬುದು ಎಣ್ಣೆಯಲ್ಲಿ ಕರಿಯುವ ಚಿವಡಾಕ್ಕೆ. ದೀಪಾವಳಿ ಹತ್ತಿರವಾದಾಗ ಮೂರೂ ಒಂದೇ ಕಡೆ ಗುಡ್ಡೆ ಬಿದ್ದಿರುತ್ತವೆ, ಜಾಡ್, ಪಾತಳ್ ಎಂಬ ಎರಡು ಪದ ಗೊತ್ತಿದ್ದರೆ ಅರ್ಧ ಗೆದ್ದಂತೆ. ಸಬ್ಬಕ್ಕಿಯಲ್ಲೂ ಎರಡು: ಮಾಮೂಲಿ ಸಾಬುದಾಣಾ ನೆನೆಸಿ ಖಿಚಡಿಗೆ, ನೈಲಾನ್ ಸಾಬುದಾಣಾ ನೇರವಾಗಿ ಕರಿಯಲಿಕ್ಕೆ.

ಮಂಡಕ್ಕಿಗೆ ಇಲ್ಲಿ ಕುರ್ಮುರೆ ಅಥವಾ ಮುರ್ಮುರೆ. ಕನ್ನಡದಲ್ಲಿ ಯಾವುದನ್ನು ಹಾಕುತ್ತೀರಿ ಎಂಬುದೇ ಜಗಳ: ದಾವಣಗೆರೆಗೆ ಮಂಡಕ್ಕಿ, ಹುಬ್ಬಳ್ಳಿಗೆ ಚುರುಮುರಿ, ಮೈಸೂರಿಗೆ ಪುರಿ. ಮೂರನ್ನೂ ಹಾಕಿಬಿಡಿ.

ಸೋನಾಮಸೂರಿ ಸಿಗುತ್ತದೆ, ಆದರೆ ಇಲ್ಲಿಯ ದಿನಬಳಕೆಯ ಅಕ್ಕಿ ಕೋಲಂ. ಅದು ಸಣ್ಣ, ಉದುರು, ನಮ್ಮ ಅನ್ನ ಸಾರಿಗೆ ಒಗ್ಗುತ್ತದೆ. ಇಂದ್ರಾಯಣಿ, ಆಂಬೆಮೋಹರ್ ಘಮಘಮ ಎನ್ನುತ್ತವೆ, ಅನ್ನ ಮಾತ್ರ ಮೆತ್ತಗೆ, ಅಂಟು. ಚಿತ್ರಾನ್ನಕ್ಕೆಂದು ಅವನ್ನು ಒಯ್ದರೆ ಕೆಲಸ ಕೆಡುತ್ತದೆ, ಮೊಸರನ್ನಕ್ಕೆ ಒಳ್ಳೆಯದು. ಅಕ್ಕಿಯ ಪೊಟ್ಟಣದಲ್ಲಿ ಜುನಾ ಎಂದರೆ ಹಳೆ ಅಕ್ಕಿ. ಹಳೆಯದು ಹೆಚ್ಚು ನೀರು ಕುಡಿದು ಹೆಚ್ಚು ಅರಳುತ್ತದೆ, ಕುಕ್ಕರಿಗೆ ನೀರು ಅಳೆಯುವಾಗ ಇದು ನೆನಪಿರಲಿ.

ಠಾಣೆಯಿಂದ

ಬೆಲೆಯ ಪದಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇದು.

ಡೊಂಬಿವಲಿಯವರೇ, ಶೇ 20 ಎಕ್ಸ್‌ಟ್ರಾ ರಿಯಾಯಿತಿಯಲ್ಲ, ಅದು ಕೊಸರು. ತರಕಾರಿ ಅಳೆದ ಮೇಲೆ ಮೇಲಿಂದ ಹಾಕಿಸಿಕೊಳ್ಳುವ ಹಿಡಿ ಸೊಪ್ಪಿಗೆ ಹೇಳುವ ಪದವೇ ಇದಕ್ಕೂ ತಕ್ಕದ್ದು. ರಿಯಾಯಿತಿಯಲ್ಲಿ ಸಾಮಾನು ಅಷ್ಟೇ, ದುಡ್ಡು ಕಡಿಮೆ. ಕೊಸರಿನಲ್ಲಿ ದುಡ್ಡು ಅಷ್ಟೇ, ಸಾಮಾನು ಹೆಚ್ಚು. ಈ ಭೇದ ಬರೀ ವ್ಯಾಕರಣದ್ದಲ್ಲ, ಲೆಕ್ಕದ್ದೂ ಹೌದು. ಶೇ 20 ಕೊಸರು ಎಂದರೆ 100ರ ಬೆಲೆಗೆ 120ರ ಮಾಲು, ರಿಯಾಯಿತಿಗೆ ಇಳಿಸಿದರೆ ಶೇ 16.7 ಮಾತ್ರ. ಶೇ 20 ರಿಯಾಯಿತಿಗೆ ಸರಿಗಟ್ಟಲು ಶೇ 25 ಕೊಸರು ಬೇಕು. ಒಂದು ಕೊಂಡರೆ ಒಂದು ಉಚಿತ ಎಂಬುದು ಶೇ 50 ರಿಯಾಯಿತಿ, ಎರಡು ಕೊಂಡರೆ ಒಂದು ಎಂಬುದು ಶೇ 33. ಅದೂ ಮೂರನ್ನೂ ಮುಗಿಸುವಷ್ಟು ಖರ್ಚು ಮನೆಯಲ್ಲಿದ್ದರೆ.

ಎಂಆರ್‌ಪಿಗೆ ಗರಿಷ್ಠ ಮಾರಾಟ ಬೆಲೆ, ನೆಟ್ ವೇಟ್‌ಗೆ ನಿವ್ವಳ ತೂಕ, ಇವಕ್ಕೆ ತಕರಾರಿಲ್ಲ. ಮರಾಠಿಯಲ್ಲೂ ನಿವ್ವಳ ವಜನ್. ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಬರುವ ಯೂನಿಟ್ ಸೇಲ್ ಪ್ರೈಸ್‌ಗೆ ಮಾತ್ರ ಘಟಕ ಮಾರಾಟ ಬೆಲೆ ಎಂಬಂಥ ಭಾರದ ಪದ ಬೇಡ. ಗ್ರಾಂ ದರ, ಕಿಲೋ ದರ ಎಂದರೆ ಮುಗಿಯಿತು. ನಿಯಮದಲ್ಲಿಯೂ ಅದು ಹಾಗೇ ಇದೆ: 1 ಕಿಲೋಗಿಂತ ಕಡಿಮೆಯದಕ್ಕೆ ಗ್ರಾಮಿಗೆ ಎಷ್ಟು, ಹೆಚ್ಚಿನದಕ್ಕೆ ಕಿಲೋಗೆ ಎಷ್ಟು, ಎರಡು ದಶಾಂಶಕ್ಕೆ ಸರಿಪಡಿಸಿ.

ಆ ಎರಡು ದಶಾಂಶದಲ್ಲೇ ಮೋಸಹೋಗುವುದು. ಲೆಕ್ಕಕ್ಕೆಂದು ಹೇಳುವುದಾದರೆ, 500 ಗ್ರಾಂ ಬೇಳೆಗೆ 82 ರೂಪಾಯಿ ಆದರೆ ಗ್ರಾಮಿಗೆ 0.164, ಅಚ್ಚಾಗುವುದು 0.16. ಇನ್ನೊಂದು ಕಂಪನಿಯದು 83 ಆದರೆ 0.166, ಅಚ್ಚಾಗುವುದು 0.17. ಕಿಲೋಗೆ ಗುಣಿಸಿ ನೋಡಿದರೆ 160 ಮತ್ತು 170, ಹತ್ತು ರೂಪಾಯಿ ಅಂತರ ಕಾಣುತ್ತದೆ. ನಿಜವಾದ ಅಂತರ ಎರಡು. ಇನ್ನೂ ಒಂದು: ಪೊಟ್ಟಣದ ಗ್ರಾಂ ದರ ಎಂಆರ್‌ಪಿಯಿಂದ ತೆಗೆದದ್ದು. ರಿಯಾಯಿತಿ ಮಳಿಗೆಯಲ್ಲಿ ಕೊಡುವುದು ರ್ಯಾಕಿನ ಚೀಟಿಯ ಬೆಲೆ. ಹಾಗಾಗಿ ಅಲ್ಲಿ ಆ ಅಂಕಿಗೆ ಬೆಲೆ ಇಲ್ಲ, ಕಿಲೋ ದರ ನಾವೇ ತೆಗೆಯಬೇಕು. 500 ಗ್ರಾಂ ಆದರೆ ಎರಡರಿಂದ, 200 ಆದರೆ ಐದರಿಂದ ಗುಣಿಸಿ. ಎಣ್ಣೆಯಲ್ಲಿ ಎಚ್ಚರ ಹೆಚ್ಚು ಬೇಕು. 1 ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಪಕ್ಕದಲ್ಲಿ ಅಷ್ಟೇ ಗಾತ್ರದ್ದಾಗಿ ಕಾಣುವ ಪೊಟ್ಟಣ 850 ಗ್ರಾಮಿನದಿರಬಹುದು. 850 ಗ್ರಾಮಿನದು 136 ರೂಪಾಯಿ, 910ರದು 142 ಎಂದಿಟ್ಟುಕೊಳ್ಳಿ. ಆರು ರೂಪಾಯಿ ಉಳಿಯಿತು ಅನ್ನಿಸುತ್ತದೆ. ಕಿಲೋ ಲೆಕ್ಕದಲ್ಲಿ ಮೊದಲನೆಯದು 160, ಎರಡನೆಯದು 156.

ಬಿಡಿ ಸಾಮಾನಿಗೆ ಮರಾಠಿಯಲ್ಲಿ ಸುಟ್ಟೆ. ಚಿಲ್ಲರೆ ಕಾಸಿಗೂ ಸುಟ್ಟೆ ಪೈಸೆ ಎನ್ನುತ್ತಾರೆ, ಕೌಂಟರಿನಲ್ಲಿ ಸುಟ್ಟೆ ಇದೆಯಾ ಎಂದು ಕೇಳಿದರೆ ಅವರು ಕೇಳುತ್ತಿರುವುದು ಚಿಲ್ಲರೆ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಬ್ರ್ಯಾಂಡ್ ಇರಲಿ ಬಿಡಲಿ ಶೇ 5 ಜಿಎಸ್‌ಟಿ ಬಂತು, ಬಿಡಿಯಾಗಿ ಅಳೆದು ಕೊಡುವುದಕ್ಕೆ ಇಲ್ಲ. ಬಿಡಿ ಕಾಳು ತುಂಬಿಸಿಕೊಂಡ ಮೇಲೆ ತೂಕದ ಕೌಂಟರಿನಲ್ಲಿ ಬಾರ್‌ಕೋಡ್ ಚೀಟಿ ಅಂಟಿಸಿಕೊಂಡೇ ಬಿಲ್ಲಿನ ಸಾಲಿಗೆ ನಿಲ್ಲಬೇಕು. ಆ ಚೀಟಿಯ ಹೆಸರನ್ನೊಮ್ಮೆ ಓದಿಕೊಳ್ಳಿ. ಗೋಟಾಕ್ಕೆ ಬೇಳೆಯ ಕೋಡ್ ಒತ್ತಿದರೆ ಬಿಲ್ಲಿನಲ್ಲಿ ಬೇರೆ ದರ ಬೀಳುತ್ತದೆ.

ಮಡಗಾಂವಿನಿಂದ

ಗೋವಾದಿಂದ ಎರಡೇ ಸೇರ್ಪಡೆ. ಕರಾವಳಿಯವರ ಕುಚ್ಚಲಕ್ಕಿ, ಮೈಸೂರು ಕಡೆಯ ಕುಸುಬಲಕ್ಕಿ ಇಲ್ಲಿ ಉಕಡೆ, ಬೆಳ್ತಿಗೆ ಅಕ್ಕಿ ಸುರಯ್. ಇಡ್ಲಿ ಅಕ್ಕಿಯೂ ಕುಚ್ಚಲೇ, ಆದರೆ ಬಿಳಿ, ಗಿಡ್ಡ ಕಾಳು. ಕೆಂಪು ಉಕಡೆ ಗಂಜಿಗೆ.

ಇನ್ನೊಂದು ಪುನರ್ಪುಳಿ, ಉತ್ತರ ಕನ್ನಡದವರಿಗೆ ಮುರುಗಲು. ಒಣಸಿಪ್ಪೆಗೆ ಮರಾಠಿಯಲ್ಲಿ ಆಮಸೂಲ್, ಕೊಂಕಣಿಯಲ್ಲಿ ಸೊಲಾಂ. ತೊಡಕಿರುವುದು ಬಾಟಲಿಯಲ್ಲಿ. ಕೋಕಮ್ ಆಗಳ್ ಉಪ್ಪು ಹಾಕಿದ ರಸ, ಸೋಲ್‌ಕಢಿಗೆ, ಸಾರಿಗೆ. ಕೋಕಮ್ ಸಿರಪ್ ಸಕ್ಕರೆ ಪಾಕ, ಶರಬತ್ತಿಗೆ. ಎರಡರ ಬಣ್ಣವೂ ಒಂದೇ, ಎಷ್ಟೋ ಬಾಟಲಿಗಳಲ್ಲಿ ಕೋಕಮ್ ಎಂಬುದಷ್ಟೇ ದೊಡ್ಡದಾಗಿರುತ್ತದೆ. ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ಅದನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ, ಹಾಗಾಗಿ ಸಕ್ಕರೆ ಮೇಲೇ ಬಂದಿದ್ದರೆ ಅದು ಸಿರಪ್, ಸಕ್ಕರೆಯ ಸುಳಿವಿಲ್ಲದೆ ಉಪ್ಪು ಬಂದಿದ್ದರೆ ಆಗಳ್.