ಕಾಡು ಉಳಿಸೋ ಟ್ರಸ್ಟ್‌ಗೆ ಅಧ್ಯಕ್ಷರಾಗಿ ಅಂತಿದಾರೆ, ಒಪ್ಕೊಳ್ಳೋಕೆ ಮುಂಚೆ ಏನೇನು ನೋಡ್ಬೇಕು?

ಪ್ರಶ್ನೆ (ನಿವೃತ್ತ ಮೇಷ್ಟ್ರು, ಸಾಗರ ಕಡೆ):

ಗ್ರೂಪಲ್ಲಿರೋ ಆಡಿಟರ್ ಮೇಡಂಗೆ ನಮಸ್ಕಾರ. ನಮ್ಮೂರ ಹತ್ರ ಒಂದು ಸಣ್ಣ ಟ್ರಸ್ಟ್ ಇದೆ, ಪಾಳು ಬಿದ್ದಿದ್ದ ಹಿಡುವಳಿ ಜಮೀನು ತಗೊಂಡು ಬೇಲಿ ಹಾಕಿ ದನ ಬಿಡದೆ ಬೆಂಕಿ ಬೀಳದ ಹಾಗೆ ಕಾಯ್ದು ಕಾಯ್ದು ಈಗ ಅದು ಒಳ್ಳೇ ಕಾಡಾಗಿದೆ, ಕೆಳಗಡೆ ಹಳ್ಳದಲ್ಲಿ ಏಪ್ರಿಲ್‌ನಲ್ಲೂ ನೀರಿರುತ್ತೆ. ಶುರು ಮಾಡಿದ ಹಿರಿಯರಿಗೆ 80 ದಾಟಿದೆ, ಇನ್ನು ನೀವೇ ಅಧ್ಯಕ್ಷರಾಗಿ ನಡೆಸ್ಕೊಂಡು ಹೋಗಿ ಅಂತ ನನಗೆ ಹೇಳ್ತಿದಾರೆ. ಸಂಬಳ ಇಲ್ಲ, ನನಗೆ ಬೇಕಾಗೂ ಇಲ್ಲ. ಗಿಡಮರ ನನಗೆ ಗೊತ್ತು, ಕಾಗದಪತ್ರ ಗೊತ್ತಿಲ್ಲ. ಐದು ಜನ ಟ್ರಸ್ಟಿಗಳು, ಅದರಲ್ಲಿ ಇಬ್ಬರು ಅವರ ಮನೆಯವರೇ. ಜಮೀನಲ್ಲಿ ಅರ್ಧ ಇನ್ನೂ ಹಿರಿಯರ ಹೆಸರಲ್ಲೇ ಇದೆ ಅಂತ ಮೊನ್ನೆ ಗೊತ್ತಾಯ್ತು. ಒಬ್ರು ಟ್ರಸ್ಟಿ ಅಲ್ಲೊಂದು ಹೋಂಸ್ಟೇ ಮಾಡೋಣ ಖರ್ಚಿಗಾಗುತ್ತೆ ಅಂತಿದಾರೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಪೆನ್ಶನ್‌ಗೆ ಕೈ ಬೀಳುತ್ತಾ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ (ಆಡಿಟರ್):

ನಮಸ್ಕಾರ ಸರ್. ಮೊದಲಿಗೆ, ಒಪ್ಕೊಳ್ಳಿ ಅಂತಲೇ ನಾನು ಹೇಳೋದು. ಇಂಥ ಟ್ರಸ್ಟ್‌ಗಳ ಲೆಕ್ಕ ನೋಡೋ ಕೆಲಸ ನಂದು. ಶುರು ಮಾಡಿದವರು ಹೋದಮೇಲೆ ಹೆಗಲು ಕೊಡೋರಿಲ್ಲದೆ ಕಾಡು ಸೈಟಾಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಒಪ್ಕೊಳ್ಳೋಕೆ ಮುಂಚೆ ಕಾಗದ ನೋಡಿ. ಕಾಡು ಬೆಳೆಸೋ ಕೆಲಸ ಹಿರಿಯರು ಮಾಡಿ ಆಗಿದೆ, ಅಧ್ಯಕ್ಷರಾಗಿ ನಿಮ್ಮ ಕೆಲಸ ಆ ಜಮೀನು ಯಾರ ಕೈಗೂ ಜಾರದ ಹಾಗೆ ಕಾಗದದಲ್ಲಿ ಕಟ್ಟಿ ಹಾಕೋದು.

ಅರ್ಧ ಜಮೀನು ಹಿರಿಯರ ಹೆಸರಲ್ಲಿ ಯಾಕಿದೆ ಅಂದ್ರೆ ಅದರಲ್ಲಿ ಅವರ ತಪ್ಪೇನೂ ಇರ್ಲಿಕ್ಕಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರಲ್ಲಿ 79ಬಿ ಅಂತ ಒಂದು ಸೆಕ್ಷನ್ ಇತ್ತು, ಅದರ ಪ್ರಕಾರ ಟ್ರಸ್ಟು, ಸೊಸೈಟಿ, ಕಂಪನಿ ಇವು ಕೃಷಿ ಜಮೀನು ಇಟ್ಕೊಳ್ಳೋ ಹಾಗಿರ್ಲಿಲ್ಲ. ಹಂಗಾಗಿ ಪರಿಸರದ ಕೆಲಸ ಮಾಡೋರು ರೈತರಾಗಿದ್ದ ಒಬ್ಬರ ಹೆಸರಲ್ಲಿ ತಗೊಂಡು ನಂಬಿಕೆ ಮೇಲೆ ನಡೆಸ್ಕೊಂಡು ಬರೋರು. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಎರಡನ್ನೂ ತೆಗೆದರು. ಆ ತಿದ್ದುಪಡಿಗೆ ರೈತ ಸಂಘಟನೆಗಳ ವಿರೋಧ ಎಷ್ಟಿತ್ತು, ಯಾಕಿತ್ತು ಅಂತ ನಿಮಗೂ ಗೊತ್ತು, ಅದು ಬೇರೆ ಮಾತು, ಆದ್ರೆ ನಿಮ್ಮಂಥ ಟ್ರಸ್ಟ್‌ಗೆ ಜಮೀನು ತನ್ನ ಹೆಸರಿಗೆ ಮಾಡ್ಕೊಳ್ಳೋ ದಾರಿ ಆವಾಗ ಸಿಕ್ತು. ಎಷ್ಟು ಜಮೀನು ಇಟ್ಕೊಳ್ಬಹುದು ಅನ್ನೋ ಸೀಲಿಂಗ್ ಮಿತಿ ಮಾತ್ರ ಇನ್ನೂ ಇದೆ, ಲೋಕಲ್ ವಕೀಲರಿಗೆ ಪಹಣಿ, ಮ್ಯುಟೇಶನ್ ಎಲ್ಲಾ ತೋರಿಸಿ ಆಮೇಲೆ ಮುಂದುವರೀರಿ.

ಹಿರಿಯರು ಗಟ್ಟಿಯಾಗಿರುವಾಗಲೇ ದಾನಪತ್ರ ರಿಜಿಸ್ಟರ್ ಆಗ್ಬೇಕು ಸರ್, ಇದೊಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ. ಸ್ಥಿರಾಸ್ತಿ ದಾನ ಅಂದ್ರೆ ರಿಜಿಸ್ಟರ್ ಆದ ಪತ್ರ, ಇಬ್ಬರು ಸಾಕ್ಷಿ ಕಡ್ಡಾಯ, ಮತ್ತೆ ಕೊಡೋರು ಬದುಕಿರುವಾಗಲೇ ತಗೊಳ್ಳೋರು ಅದನ್ನ ಒಪ್ಕೊಂಡಿರ್ಬೇಕು. ಹಿರಿಯರು ಟ್ರಸ್ಟಿ ಕೂಡ ಆಗಿರೋದ್ರಿಂದ ಟ್ರಸ್ಟ್ ಪರವಾಗಿ ಬೇರೆ ಟ್ರಸ್ಟಿ ಸಹಿ ಹಾಕ್ಲಿ, ಅದಕ್ಕೆ ಮೊದಲೇ ಮೀಟಿಂಗಲ್ಲಿ ಠರಾವು ಮಾಡಿ. ಮನೆಯವರಿಗೆ ದಾನ ಕೊಡುವಾಗ ಸಿಗೋ ಸ್ಟ್ಯಾಂಪ್ ಡ್ಯೂಟಿ ರಿಯಾಯ್ತಿ ಟ್ರಸ್ಟ್‌ಗೆ ಸಿಗಲ್ಲ, ಮಾರಾಟಕ್ಕೆ ಹಾಕೋ ದರದಲ್ಲೇ ಹೋಗುತ್ತೆ, ಆ ದುಡ್ಡು ಮೊದಲೇ ಹೊಂದಿಸ್ಕೊಳ್ಳಿ. ವಿಲ್ ಬರೆದಿಟ್ಟಿದೀನಿ ಸಾಕಲ್ಲ ಅಂತ ಅವರು ಅಂದ್ರೆ ಸಾಲಲ್ಲ ಅಂತ ಹೇಳಿ, ವಿಲ್ ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು, ಅವರು ಹೋದಮೇಲೆ ಯಾರು ಬೇಕಾದ್ರೂ ಕೋರ್ಟಲ್ಲಿ ಪ್ರಶ್ನೆ ಮಾಡ್ಬಹುದು.

ಇನ್ನೊಂದು ಮುಖ್ಯ, ಆ ಜಮೀನು ಅವರ ಸ್ವಯಾರ್ಜಿತವೋ ಪಿತ್ರಾರ್ಜಿತವೋ ನೋಡಿ. ಪಿತ್ರಾರ್ಜಿತ ಆದ್ರೆ ಅವರೊಬ್ಬರೇ ದಾನ ಕೊಡೋಕಾಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಕೇಸಲ್ಲಿ ಅದನ್ನ ಇನ್ನೂ ಸ್ಪಷ್ಟ ಮಾಡ್ತು. ಮದುವೆಯಾಗಿ ಬೇರೆ ಊರಲ್ಲಿರೋ ಮಗಳನ್ನ ಕೇಳದೆ ಮಾಡಿದ ಕಾಗದ ಮುಂದೆ ಟ್ರಸ್ಟ್‌ಗೆ ದೊಡ್ಡ ತಲೆನೋವು. ಎಲ್ಲರನ್ನೂ ಕೂರಿಸಿ ಮಾತಾಡಿ, ಎಲ್ಲರ ಸಹಿ ಬರಲಿ.

ಈಗ ನಿಮ್ಮ ಪೆನ್ಶನ್ ವಿಷಯ. ಸಾಮಾನ್ಯ ಖರ್ಚುವೆಚ್ಚಕ್ಕೆ, ಪ್ರಾಮಾಣಿಕವಾಗಿ ತಗೊಂಡ ತೀರ್ಮಾನಕ್ಕೆ ಟ್ರಸ್ಟಿ ತನ್ನ ಜೇಬಿಂದ ಕೊಡ್ಬೇಕಾಗಿ ಬರೋದು ಅಪರೂಪ. ನಂಬಿಕೆದ್ರೋಹಕ್ಕೆ ಮಾತ್ರ ಖಂಡಿತ ಜವಾಬ್ದಾರ. ಸಾರ್ವಜನಿಕ ಟ್ರಸ್ಟ್ ಆದ್ರಿಂದ ಅದರಲ್ಲಿ ಹಿತಾಸಕ್ತಿ ಇರೋ ಯಾರಾದ್ರೂ ಇಬ್ಬರು ಸೇರಿ ಸಿವಿಲ್ ಪ್ರೊಸೀಜರ್ ಕೋಡ್ 92ನೇ ಸೆಕ್ಷನ್ ಕೆಳಗೆ ಕೋರ್ಟ್ ಅನುಮತಿ ತಗೊಂಡು ದಾವೆ ಹಾಕ್ಬಹುದು, ಟ್ರಸ್ಟಿ ನುಂಗಿದ ಟ್ರಸ್ಟ್ ಆಸ್ತಿ ವಾಪಸ್ ಪಡೆಯೋಕೆ ಕಾಲಮಿತಿನೂ ಇಲ್ಲ. ಆದ್ರೆ ಕೋರ್ಟಿಗಿಂತ ನನಗೆ ಜಾಸ್ತಿ ಭಯ ಇರೋದು ಇನ್‌ಕಂ ಟ್ಯಾಕ್ಸ್ ಕಡೆಯಿಂದ, ಸ್ವಲ್ಪ ಉದ್ದ ಆದ್ರೂ ಓದಿ.

ನಿಮ್ಮ ಟ್ರಸ್ಟ್‌ಗೆ 12ಎಬಿ ರಿಜಿಸ್ಟ್ರೇಶನ್, ಅಂದ್ರೆ ಆದಾಯ ತೆರಿಗೆ ವಿನಾಯ್ತಿಗೆ ಬೇಕಾದ ನೋಂದಣಿ, ಇದೆಯಾ, ಯಾವತ್ತಿನವರೆಗೆ ಇದೆ ಅಂತ ಇವತ್ತೇ ನೋಡಿ. ಮೊದಲು ಒಂದು ಸಲ ಮಾಡಿಸಿದ್ರೆ ಶಾಶ್ವತ ಇತ್ತು, ಕಾನೂನು ಬದಲಾದ್ದರಿಂದ 2021ರಲ್ಲಿ ಹಳೇ ಟ್ರಸ್ಟ್‌ಗಳೆಲ್ಲಾ ಹೊಸದಾಗಿ ಅರ್ಜಿ ಹಾಕ್ಬೇಕಾಯ್ತು, ಆಗ ಸಿಕ್ಕಿದ್ದು 5 ವರ್ಷಕ್ಕೆ, ಅಂದ್ರೆ 2026ರ ಮಾರ್ಚ್ 31ರವರೆಗೆ, ಮುಗಿಯೋ 6 ತಿಂಗಳು ಮುಂಚೆನೇ ನವೀಕರಣಕ್ಕೆ ಅರ್ಜಿ ಹೋಗ್ಬೇಕು. ಆಮೇಲೆ 2025ರ ಬಜೆಟ್‌ನಲ್ಲಿ ಸಣ್ಣ ಟ್ರಸ್ಟ್‌ಗಳಿಗೆ, ಅಂದ್ರೆ ಹಿಂದಿನ ಎರಡು ವರ್ಷ ಆದಾಯ 5 ಕೋಟಿ ದಾಟದವರಿಗೆ, ನವೀಕರಣ 10 ವರ್ಷಕ್ಕೆ ಮಾಡಿದ್ರು, ಅದೊಂದು ಸಮಾಧಾನ. ಈ ಅರ್ಜಿ ಟೈಮಿಗೆ ಹಾಕದಿದ್ರೆ ಏನಾಗುತ್ತೆ ಗೊತ್ತಾ? 115ಟಿಡಿ ಅಂತ ಸೆಕ್ಷನ್. ಟ್ರಸ್ಟ್ ಆಸ್ತಿಯ ಇವತ್ತಿನ ಮಾರ್ಕೆಟ್ ಬೆಲೆಯಲ್ಲಿ ಸಾಲ ಕಳೆದು ಉಳಿದಿದ್ದಕ್ಕೆ ಗರಿಷ್ಠ ದರದಲ್ಲಿ ತೆರಿಗೆ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿನೇ ಆಗುತ್ತೆ. ಬಾಡಿಗೆ ಆಫೀಸಲ್ಲಿರೋ ಸಂಘಕ್ಕೆ ಇದರಿಂದ ಅಂಥ ಪೆಟ್ಟಿಲ್ಲ, ಕುರ್ಚಿ ಕಂಪ್ಯೂಟರ್‌ಗೆ ಎಷ್ಟು ಬೆಲೆ ಬರುತ್ತೆ. ನಿಮ್ಮ ಕತೆ ಹಾಗಲ್ಲ, ಬ್ಯಾಂಕಲ್ಲಿ ಲಕ್ಷ ಇರಲ್ಲ, ಜಮೀನಿಗೆ ಕೋಟಿ ಬೆಲೆ. ಆ ತೆರಿಗೆ ಕಟ್ಟೋಕೆ ಕಾಡನ್ನೇ ಮಾರ್ಬೇಕು! ಟ್ರಸ್ಟ್ ಕಟ್ಟದಿದ್ರೆ ಟ್ರಸ್ಟಿಗಳನ್ನೂ ಬಾಕಿದಾರರು ಅಂತಲೇ ಕಾನೂನು ನೋಡುತ್ತೆ. ತಡ ಆಗಿದ್ರೆ ಸರಿಯಾದ ಕಾರಣ ಕೊಟ್ಟು ಮನ್ನಿಸಿ ಅಂತ ಕಮಿಷನರ್‌ಗೆ ಕೇಳ್ಕೊಳ್ಳೋ ಅವಕಾಶ 2024ರಲ್ಲಿ ಬಂದಿದೆ, ಆದ್ರೆ ಅದನ್ನ ನಂಬ್ಕೊಂಡು ಕೂರಬೇಡಿ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಬೇರೆ ಆದ್ರೂ ಈ ತೆರಿಗೆ ಅಲ್ಲೂ ಇದೆ.

ಹೋಂಸ್ಟೇ ಬಗ್ಗೆ. ಕಾನೂನಲ್ಲಿ ಪರಿಸರ ಸಂರಕ್ಷಣೆ ಅನ್ನೋದು ಶಿಕ್ಷಣ, ವೈದ್ಯಕೀಯದ ಹಾಗೆ ಪ್ರತ್ಯೇಕ ದಾನಧರ್ಮದ ಉದ್ದೇಶ, 2009ರಲ್ಲಿ ಸೇರಿಸಿದ್ದು, ಕಾಡು, ಜಲಾನಯನ ಪ್ರದೇಶ, ವನ್ಯಜೀವಿ ಎಲ್ಲಾ ಹೆಸರು ಹಿಡಿದೇ ಬರೆದಿದಾರೆ. ಹಂಗಾಗಿ ಬೇರೆ ಸಾರ್ವಜನಿಕ ಉಪಯೋಗದ ಟ್ರಸ್ಟ್‌ಗಳಿಗೆ ಇರೋ 20 ಪರ್ಸೆಂಟ್ ವ್ಯಾಪಾರ ಮಿತಿ ನಿಮಗೆ ಅನ್ವಯ ಆಗಲ್ಲ, ಆದ್ರೆ ವ್ಯಾಪಾರ ಟ್ರಸ್ಟ್ ಉದ್ದೇಶಕ್ಕೆ ಪೂರಕವಾಗಿರ್ಬೇಕು, ಲೆಕ್ಕ ಬೇರೆ ಇಡ್ಬೇಕು. ಮಕ್ಕಳನ್ನ ಕರ್ಕೊಂಡು ಬಂದು ಎರಡು ದಿನ ಪ್ರಕೃತಿ ಶಿಬಿರ ಮಾಡಿದ್ರೆ ಪೂರಕ. ವೀಕೆಂಡ್ ರೂಮ್ ಬಾಡಿಗೆ, ಕ್ಯಾಂಪ್‌ಫೈರು, ಮ್ಯೂಸಿಕ್ಕು ಅಂದ್ರೆ ಪೂರಕ ಅಂತ ನಾನು ಆಫೀಸರ್ ಮುಂದೆ ವಾದ ಮಾಡೋಕೆ ತಯಾರಿಲ್ಲ. ಯಾರು ನಡೆಸ್ತಾರೆ ಅಂತಲೂ ಕೇಳಿ. ಟ್ರಸ್ಟಿಗೋ ಅವರ ನೆಂಟರಿಗೋ ಜಾಗ ಕಮ್ಮಿ ಬಾಡಿಗೆಗೆ ಹೋದ್ರೆ ಅದು ಆದಾಯ ತೆರಿಗೆ ಕಾಯ್ದೆ 1961ರ 13ನೇ ಸೆಕ್ಷನ್ ಉಲ್ಲಂಘನೆ. ಪ್ರಸ್ತಾಪ ಇಟ್ಟವರು ಚರ್ಚೆ ಹೊತ್ತಲ್ಲಿ ಎದ್ದು ಹೊರಗೆ ಹೋಗ್ಲಿ, ಹೋದ್ರು ಅಂತ ಮಿನಿಟ್ಸ್‌ನಲ್ಲಿ ಬರೀರಿ. ಮನಸ್ತಾಪ ಆಗುತ್ತೆ, ಆದ್ರೂ ಮಾಡಿ.

ಪ್ರತಿಕ್ರಿಯೆ (ಶಿರಸಿಯಿಂದ ಒಬ್ರು):

ಮೇಡಂ ತುಂಬಾ ಉಪಯೋಗ ಆಯ್ತು. ನಮ್ಮಲ್ಲೂ ಇದೇ ಪರಿಸ್ಥಿತಿ, ಜೊತೆಗೆ ಪಕ್ಕದ ಸೊಪ್ಪಿನಬೆಟ್ಟಕ್ಕೂ ಟ್ರಸ್ಟ್ ಬೋರ್ಡ್ ಹಾಕಿದೀವಿ, ಅದೂ ಆಸ್ತಿ ಪಟ್ಟಿಗೆ ಸೇರಿಸ್ಬೋದಾ? ಮತ್ತೆ ಮೀಟಿಂಗ್ ಅಂದ್ರೆ ಹಿರಿಯರು ಹೇಳೋದು ನಾವು ತಲೆ ಆಡಿಸೋದು ಅಷ್ಟೇ.

ಉತ್ತರ (ಆಡಿಟರ್):

ಸೊಪ್ಪಿನಬೆಟ್ಟ ಸರ್ಕಾರದ ಜಾಗ, ಅಡಿಕೆ ತೋಟಕ್ಕೆ ಸೊಪ್ಪು ತರೋ ಸವಲತ್ತು ಮಾತ್ರ ತೋಟದವರದು. ಆಸ್ತಿ ಪಟ್ಟಿಗೆ ಸೇರಿಸ್ಬೇಡಿ, ಬೋರ್ಡ್ ತೆಗೀರಿ. ಬೆಟ್ಟ ಕಾಯೋದು ಮುಂದುವರಿಸಿ, ಅದು ಒಳ್ಳೇ ಕೆಲಸ, ಹಕ್ಕಿನ ಮಾತು ಬೇಡ.

ನಿಮ್ಮ ಸ್ವಂತ ಸರ್ವೆ ನಂಬರ್‌ಗೆ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿ. ಆಮೇಲೆ ಪ್ರತಿ ವರ್ಷ ಮಳೆಗಾಲ ಮುಗಿದಮೇಲೆ ಟ್ರಸ್ಟಿಗಳೆಲ್ಲಾ ಸೇರಿ ಗಡಿ ಸುತ್ತು ನಡೀರಿ, ಫೋಟೋ ತೆಗೀರಿ, ಯಾವ ಮೂಲೇಲಿ ಬೇಲಿ ಒಳಗೆ ಬಂದಿದೆ, ಎಲ್ಲಿ ಹೊಸ ದಾರಿ ಬಿದ್ದಿದೆ ಅಂತ ಮಿನಿಟ್ಸ್‌ಗೆ ಬರೀರಿ. ಖಾಸಗಿ ಜಮೀನಲ್ಲಿ ಇನ್ನೊಬ್ಬರು 12 ವರ್ಷ ಬಹಿರಂಗವಾಗಿ, ಯಾರ ತಕರಾರೂ ಇಲ್ಲದೆ ತಮ್ಮದೇ ಅಂತ ಅನುಭವಿಸಿದ್ರೆ ಹಕ್ಕು ಕೇಳೋಕೆ ಬರ್ತಾರೆ. ಒತ್ತುವರಿ ಅನ್ನೋದು ಕೆರೆ ಏರಿಯ ಇಲಿ ಬಿಲ ಇದ್ದಂಗೆ, ಕಂಡ ವರ್ಷವೇ ಮುಚ್ಚಬೇಕು. ಇದೇ ನಡಿಗೇಲಿ ಬೆಂಕಿ ಹರಡದ ಹಾಗೆ ಬೆಂಕಿ ಗೆರೆ ಎಲ್ಲೆಲ್ಲಿ ತೆಗೀಬೇಕು, ಕಾವಲಿನವರಿಗೆ ಏನು ಬೇಕು ಅದೂ ತೀರ್ಮಾನ ಮಾಡಿ. ಕಾವಲಿನವರಿಗೆ ಅಪಘಾತ ವಿಮೆ ಮಾಡಿಸಿದೀರಾ? ಬೆಂಕಿ ಆರಿಸೋಕೆ ಓಡೋದು ಅವರೇ.

ಮೀಟಿಂಗ್ ವಿಷಯದಲ್ಲಿ ಹಿರಿಯರನ್ನ ಪಕ್ಕಕ್ಕೆ ತಳ್ಳಿ ಅಂತ ನಾನು ಹೇಳಲ್ಲ, ಆ ಕಾಡು ಅವರ ಜೀವಮಾನ. ಆದ್ರೆ ಅಧ್ಯಕ್ಷರಾದವರು ಎಲ್ಲರ ಮಾತು ಕೇಳಿ ಕೊನೆಗೆ ತಮ್ಮದು ಹೇಳೋ ಅಭ್ಯಾಸ ಮಾಡ್ಕೊಂಡ್ರೆ ಉಳಿದವರ ಬಾಯಿ ತಾನಾಗೇ ಬಿಡುತ್ತೆ. ಚೆಕ್‌ಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಒಂದೇ ಮನೆಯವರಾಗದಿರ್ಲಿ. ಖಜಾಂಚಿ ಪ್ರತಿ ಮೀಟಿಂಗಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲರಿಗೂ ತೋರಿಸ್ಲಿ. ಟ್ರಸ್ಟ್ ಡೀಡ್‌ನಲ್ಲಿ ಅವಕಾಶ ಇದ್ರೆ ಟ್ರಸ್ಟಿಗಳಿಗೆ ಮೂರು ವರ್ಷದ ಅವಧಿ ಇಡಿ, ಮುಂದಿನ ಸಲ 35 ವರ್ಷದೊಳಗಿನ ಒಬ್ಬರನ್ನ, ಮತ್ತೆ ಆ ಕಾಡಿನ ನೀರು ಕುಡಿಯೋ ಕೆಳಗಿನ ಕೇರಿಯವರೊಬ್ಬರನ್ನ ತಗೊಳ್ಳಿ. ಅವರು ಬಂದ್ರೆ ಬೇಲಿಗಿಂತ ಗಟ್ಟಿ ರಕ್ಷಣೆ, ಇದು ನನ್ನ ಖಚಿತ ಅಭಿಪ್ರಾಯ.

ಪ್ರತಿಕ್ರಿಯೆ (ಪ್ರಶ್ನೆ ಕೇಳಿದ ಮೇಷ್ಟ್ರು):

ಮೇಡಂ, ಕಣ್ಣು ತೆರೆಸಿದ್ರಿ. ಇನ್ನೆರಡು ಕೇಳ್ತೀನಿ. ನಮ್ಮ ಹಿರಿಯರ ಅಣ್ಣನ ಮಗ ಅಮೆರಿಕದಲ್ಲಿದಾನೆ, ದೊಡ್ಡ ಮೊತ್ತ ಕೊಡ್ತೀನಿ ಅಂತಿದಾನೆ, ತಗೋಬಹುದಾ? ಮತ್ತೆ ನಾವೆಲ್ಲಾ ಹೋದಮೇಲೂ ಇದು ಕಾಡಾಗೇ ಉಳಿಯೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?

ಉತ್ತರ (ಆಡಿಟರ್):

ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ಕೇಳಿ ಸರ್. ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿರೋ ಎನ್‌ಆರ್‌ಐ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡಿದ್ರೆ, ಓಸಿಐ ಕಾರ್ಡ್ ಇದ್ರೂನೂ ವಿದೇಶಿ ದೇಣಿಗೆನೇ, ರೂಪಾಯಿಯಲ್ಲೇ ಕೊಟ್ರೂ ಅಷ್ಟೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿನೂ ಮುಟ್ಟಬೇಡಿ. ಪ್ರೀತಿಯಿಂದ ಕೊಟ್ಟ ದುಡ್ಡು ಟ್ರಸ್ಟ್‌ಗೇ ಉರುಳಾಗುತ್ತೆ. ಊರಿನವರ ದೇಣಿಗೆಗೂ ಒಂದು ಮಾತು, 2000 ರೂಪಾಯಿ ಮೇಲೆ ಕ್ಯಾಶ್ ಕೊಟ್ರೆ ಅವರಿಗೆ 80ಜಿ ತೆರಿಗೆ ರಿಯಾಯ್ತಿ ಸಿಗಲ್ಲ, ಯುಪಿಐ ಮಾಡಿಸಿ.

ಶಾಶ್ವತ ರಕ್ಷಣೆ ಕೇಳಿದ್ರಿ. ಅಮೆರಿಕದಲ್ಲಿ ಜಮೀನು ಯಾರ ಕೈಗೆ ಹೋದ್ರೂ ಅಲ್ಲಿ ಕಟ್ಟಡ ಕಟ್ಟೋ ಹಾಗಿಲ್ಲ ಅಂತ ಹಕ್ಕುಪತ್ರದಲ್ಲೇ ನಿರ್ಬಂಧ ಬರೆಸಿ ಅದನ್ನ ಒಂದು ಲ್ಯಾಂಡ್ ಟ್ರಸ್ಟ್ ಕೈಗೆ ಕೊಡೋ ವ್ಯವಸ್ಥೆ ಇದೆ, ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಆದ್ರೆ ವನ್ಯಜೀವಿ ಕಾಯ್ದೆಯ 36ಸಿ ಪ್ರಕಾರ ಖಾಸಗಿ ಜಮೀನಿನವರು, ಸಮುದಾಯದವರು ತಾವಾಗೇ ಮುಂದೆ ಬಂದ್ರೆ ಸರ್ಕಾರ ಸಮುದಾಯ ಮೀಸಲು ಅಂತ ಘೋಷಿಸ್ಬಹುದು, ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಹಾಗೆ ಆಗಿರೋದು. ಆದಮೇಲೆ ಆಡಳಿತ ಸಮಿತಿ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಾಯಿಸೋ ಹಾಗಿಲ್ಲ. ಇನ್ನೊಂದು ದಾರಿ ಜೀವವೈವಿಧ್ಯ ಕಾಯ್ದೆ 2002ರ ಪಾರಂಪರಿಕ ತಾಣ, ದೇವನಹಳ್ಳಿ ಹತ್ರ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲಿ ಸಿಕ್ತು, ದೇಶದಲ್ಲೇ ಮೊದಲನೇದು, ನಿಮ್ಮ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡನೂ ಆ ಪಟ್ಟಿಯಲ್ಲಿದೆ. ಪಂಚಾಯ್ತಿಯ ಜೀವವೈವಿಧ್ಯ ಸಮಿತಿ ಹತ್ರ ಮಾತು ಶುರು ಮಾಡಿ. ಇವು ವರ್ಷಗಟ್ಟಲೆ ಹಿಡಿಯೋ ಕೆಲಸ.

ಅಲ್ಲಿವರೆಗೆ ಕೈಯಲ್ಲಿರೋದು ಟ್ರಸ್ಟ್ ಡೀಡ್. ಅದರಲ್ಲಿ ಸ್ಥಿರಾಸ್ತಿ ಮಾರಾಟ, ಅಡಮಾನದ ಬಗ್ಗೆ ಏನಿದೆ, ಟ್ರಸ್ಟ್ ಮುಚ್ಚಿದ್ರೆ ಜಮೀನು ಯಾರಿಗೆ ಅಂತ ಬರೆದಿದಾರೆ, ಡೀಡ್ ತಿದ್ದುಪಡಿಗೆ ಎಷ್ಟು ಜನ ಬೇಕು ಅಂತಿದೆ, ಈ ಮೂರು ಪ್ಯಾರಾದ ಫೋಟೋ, ಜೊತೆಗೆ 12ಎಬಿ ಆದೇಶದ ಕಾಪಿ ನನಗೆ ಮೆಸೇಜ್ ಮಾಡಿ. ಫೀಸ್ ಬೇಡ. ಹಿರಿಯರ ಜೊತೆ ದಾನಪತ್ರದ ಮಾತು ಮಾತ್ರ ಈ ವಾರವೇ ತೆಗೀರಿ, ಆಗ ಅವರ ಮಕ್ಕಳೂ ಅಲ್ಲಿರ್ಲಿ.